ಕೇರ್ ಉಪ್ಪಿಟ್ಟಿನಿಂದ ಬಿಸಿಯೂಟಕ್ಕೆ

ಸರ್ಕಾರಿ ಶಾಲೆಯಲ್ಲಿ ಓದಿ ಈಗ ಅರವತ್ತರ ಆಸುಪಾಸಿನಲ್ಲಿರುವವರನ್ನು ಮಾತಿಗೆಳೆದರೆ ‘ಕೇರ್ ಉಪ್ಪಿಟ್ಟು’ ಎಂಬ ಹೆಸರು ಬಂದೇ ಬರುತ್ತದೆ. 1960-70ರ ದಶಕಗಳಲ್ಲಿ ಅಮೆರಿಕದ ಕೇರ್ ಸಂಸ್ಥೆಯ ಮೂಲಕ ಗೋಧಿ ನುಚ್ಚು, ಹಾಲಿನ ಪುಡಿ ಹಳ್ಳಿಯ ಶಾಲೆಗಳಿಗೂ ತಲುಪುತ್ತಿದ್ದವು. ಮನೆಯಲ್ಲಿ ರಾಗಿಯೋ ಜೋಳವೋ ಉಣ್ಣುತ್ತಿದ್ದ ಮಕ್ಕಳಿಗೆ ಅದರ ವಾಸನೆಯೇ ಹೊಸದು. ಆದರೂ ಹಸಿದವರು ತಟ್ಟೆ ಹಿಡಿದು ಸಾಲುಗಟ್ಟುತ್ತಿದ್ದರು.

ಶಾಲೆಯಲ್ಲಿ ಊಟ ಹಾಕುವ ಯೋಚನೆ ಅದಕ್ಕಿಂತ ಹಳೆಯದು. ಮದ್ರಾಸ್ ನಗರಸಭೆ 1920ರಲ್ಲೇ ಪಿ. ತ್ಯಾಗರಾಯ ಚೆಟ್ಟಿಯವರ ಮುಂದಾಳತ್ವದಲ್ಲಿ ಇದನ್ನು ಆರಂಭಿಸಿತ್ತು. ಕಾಮರಾಜರು 1956ರಲ್ಲಿ, ಎಂ.ಜಿ. ರಾಮಚಂದ್ರನ್ 1982ರಲ್ಲಿ ಅದನ್ನು ಹಿಗ್ಗಿಸಿದರು.

ದೇಶದ ಬಹುಪಾಲು ಭಾಗಕ್ಕೆ ಸಿಕ್ಕಿದ್ದು ಮಾತ್ರ ಊಟವಲ್ಲ, ಧಾನ್ಯ. 1995ರ ಆಗಸ್ಟ್ 15ರಂದು ಶುರುವಾದ ಕೇಂದ್ರ ಯೋಜನೆಯಡಿ ಅನೇಕ ರಾಜ್ಯಗಳಲ್ಲಿ ಶೇ 80ರಷ್ಟು ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಅಥವಾ ಗೋಧಿ ಕೊಡಲಾಯಿತು. ಮನೆಗೆ ಹೋದ ಅಕ್ಕಿ ಮನೆಮಂದಿಗೆಲ್ಲ ಸೇರಿತು, ಅದರಲ್ಲಿ ತಪ್ಪೇನಿಲ್ಲ. ಆದರೆ ಮಧ್ಯಾಹ್ನದ ಗಂಟೆ ಬಾರಿಸಿದಾಗ ಮಗುವಿನ ಹೊಟ್ಟೆ ಖಾಲಿಯೇ ಇರುತ್ತಿತ್ತು.

ಇದನ್ನು ಬದಲಿಸಿದ್ದು ಸುಪ್ರೀಂ ಕೋರ್ಟ್. ಬೇಯಿಸಿದ ಊಟವನ್ನೇ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಇರಬೇಕು, ವರ್ಷಕ್ಕೆ 200 ದಿನವಾದರೂ ಬಡಿಸಬೇಕು ಎಂದು 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದ ‘ಅಕ್ಷರ ದಾಸೋಹ’ 2002ರಲ್ಲಿ ಬೀದರ್, ರಾಯಚೂರು, ಕೊಪ್ಪಳ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲು ಒಲೆ ಹೊತ್ತಿಸಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಬಡತನ, ಬರ, ಗುಳೆ ಹೆಚ್ಚಿದ್ದ ಸೀಮೆಯಿಂದಲೇ ಆರಂಭಿಸಿದ್ದು ಸರಿಯಾದ ಹೆಜ್ಜೆ.

ಅಡುಗೆಮನೆ ಶಾಲೆಗೆ ಬಂತೆಂದರೆ ಬೆಂಕಿ, ಎಣ್ಣೆ, ದಾಸ್ತಾನು ಎಲ್ಲವೂ ಮಕ್ಕಳ ಪಕ್ಕಕ್ಕೆ ಬಂದಂತೆ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಸತ್ತರು. 2013ರಲ್ಲಿ ಅದೇ ಜುಲೈ 16ರಂದು ಬಿಹಾರದ ಗಂಡಾಮನ್ ಹಳ್ಳಿಯಲ್ಲಿ ಊಟ ಮಾಡಿದ 23 ಮಕ್ಕಳು ಉಳಿಯಲಿಲ್ಲ. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಕೀಟನಾಶಕ ಸೇರಿತ್ತು. ಬಡಿಸುವ ಮುನ್ನ ಶಿಕ್ಷಕರೊಬ್ಬರಾದರೂ ರುಚಿ ನೋಡಲೇಬೇಕು ಎಂಬ ನಿಯಮವನ್ನು ಕಾಗದದ ಕೆಲಸವೆಂದು ತಳ್ಳಿಹಾಕುವವರು ಗಂಡಾಮನ್ ಹಳ್ಳಿಯನ್ನು ನೆನೆಯಬೇಕು.

ತಟ್ಟೆಯೂ ನಿಧಾನವಾಗಿ ತುಂಬುತ್ತ ಬಂತು. ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕ ನಿಗದಿಯಾಯಿತು. 2013ರ ಆಗಸ್ಟ್‌ನಲ್ಲಿ ‘ಕ್ಷೀರಭಾಗ್ಯ’ದ 150 ಮಿಲಿಲೀಟರ್ ಹಾಲು ಸೇರಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣಿತ್ತು. ಮೊಟ್ಟೆ ಬೇಕೆಂದು ಗಂಗಾವತಿಯ ವಿದ್ಯಾರ್ಥಿನಿಯರೇ ಗಟ್ಟಿಯಾಗಿ ಕೇಳಿದರು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ವಾರದ ಆರು ದಿನಕ್ಕೆ ಏರಿತು.

ಅಷ್ಟು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಹಾಲು ಕದಡಿ, ಸಾಂಬಾರು ಇಳಿಸುವವರು ಅದೇ ಅಡುಗೆ ಸಿಬ್ಬಂದಿ. ಬಹುತೇಕ ಎಲ್ಲರೂ ಹೆಣ್ಣುಮಕ್ಕಳು. ಅವರ ಕೈಗೆ ಬರುವುದು ಸಂಬಳವಲ್ಲ, ಗೌರವಧನ; ಅದನ್ನು ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅವರು ಮತ್ತೆ ಮತ್ತೆ ಧರಣಿ ಕೂತಿದ್ದಾರೆ.