ರೀಪೇಂಟ್ ರೋಬೋಟ್ ಆಟಿಕೆಗಳು: ಬೆಲೆ ಮತ್ತು ಮೌಲ್ಯದ ಚರಿತ್ರೆ

ಆಗಲೇ ಮಾರುಕಟ್ಟೆಗೆ ಬಂದಿರುವ ರೋಬೋಟ್ ಆಟಿಕೆಯ ಅಚ್ಚನ್ನು ಉಳಿಸಿಕೊಂಡು, ಪ್ಲಾಸ್ಟಿಕ್ಕಿನ ಬಣ್ಣ, ಮೇಲಿನ ಪೇಂಟು, ಸ್ಟಿಕ್ಕರ್‌ಗಳನ್ನು ಬದಲಿಸಿ ಮತ್ತೊಂದು ಹೆಸರಿನಲ್ಲಿ ಮಾರಿದರೆ ಅದು ರೀಪೇಂಟ್. ಕೆಲವೊಮ್ಮೆ ತಲೆಯನ್ನೋ ಆಯುಧವನ್ನೋ ಹೊಸದಾಗಿ ಮಾಡಿ ಜೋಡಿಸುವುದೂ ಉಂಟು. ಇಂಥ ಆಟಿಕೆ ಒಂದು ಸಮಾವೇಶದಲ್ಲಿ, ಒಂದು ಅಂಗಡಿ ಸರಣಿಯಲ್ಲಿ ಅಥವಾ ಒಂದು ಕ್ಲಬ್ಬಿನ ಸದಸ್ಯರಿಗೆ ಮಾತ್ರ ಸಿಗುವಂತಿದ್ದರೆ ಅದನ್ನು ಎಕ್ಸ್‌ಕ್ಲೂಸಿವ್ ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರ್ಸ್ ಸಂಗ್ರಾಹಕರ ನಡುವೆ ಇವುಗಳ ಬೆಲೆಯ ಬಗ್ಗೆ ನಡೆಯುವ ಜಗಳಕ್ಕೆ ಹೆಚ್ಚುಕಡಿಮೆ ಆ ಆಟಿಕೆಗಳಷ್ಟೇ ವಯಸ್ಸಾಗಿದೆ. ಮನೆಯ ಕಪಾಟಿನಲ್ಲಿ ಈಗಾಗಲೇ ಕೆಂಪು ಬಣ್ಣದಲ್ಲಿ ನಿಂತಿರುವ ಪ್ಲಾಸ್ಟಿಕ್ಕಿಗೆ, ಕಪ್ಪು ಬಣ್ಣದಲ್ಲಿ ಬಂದಿತೆಂಬ ಒಂದೇ ಕಾರಣಕ್ಕೆ, ಹಲವು ಪಟ್ಟು ಹಣ ಕೊಡುವುದು ಸರಿಯೇ ಎಂಬುದು ಜಗಳದ ತಿರುಳು.

ಹುಟ್ಟು

ಜಪಾನಿನ ತಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಆಟಿಕೆ ಸರಣಿಯನ್ನು ಶುರುಮಾಡಿತು. ಅದರಲ್ಲಿ ರೋಬೋಟ್‌ಗಳಾಗಿ ಬದಲಾಗುವ ಕಾರುಗಳೂ ವಿಮಾನಗಳೂ ಇದ್ದವು. ಅವು ಪಾತ್ರಗಳಾಗಿರಲಿಲ್ಲ, ಪುಟ್ಟ ಚಾಲಕನನ್ನು ಒಳಗೆ ಕೂರಿಸುವ ಯಂತ್ರಗಳಾಗಿದ್ದವು. ಹಾಗಾಗಿ ಒಂದೇ ಕಾರು ಎರಡು ಮೂರು ಬಣ್ಣಗಳಲ್ಲಿ ಬಂದರೆ ಯಾರೂ ತಲೆಕೆಡಿಸಿಕೊಳ್ಳಬೇಕಾದ್ದಿರಲಿಲ್ಲ. ಅಮೆರಿಕದ ಹ್ಯಾಸ್‌ಬ್ರೊ ಕಂಪನಿ ಈ ಅಚ್ಚುಗಳನ್ನು ಪಡೆದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಮಾರತೊಡಗಿದಾಗ ಸ್ಥಿತಿ ಬದಲಾಯಿತು. ಮಾರ್ವೆಲ್ ಕಾಮಿಕ್ಸ್‌ನ ಬಾಬ್ ಬುಡಿಯಾನ್‌ಸ್ಕಿ ಬಹುಪಾಲು ಆಟಿಕೆಗಳಿಗೆ ಹೆಸರನ್ನೂ ಸ್ವಭಾವವನ್ನೂ ಬರೆದುಕೊಟ್ಟರು. ಎಫ್-15 ಯುದ್ಧವಿಮಾನದ ಒಂದೇ ಅಚ್ಚಿನಿಂದ ಬೂದುಬಣ್ಣದ ಸ್ಟಾರ್‌ಸ್ಕ್ರೀಮ್, ನೀಲಿಯ ಥಂಡರ್‌ಕ್ರ್ಯಾಕರ್, ಕಪ್ಪು ಮತ್ತು ನೇರಳೆಯ ಸ್ಕೈವಾರ್ಪ್ ಹೊರಬಂದರು. ಒಬ್ಬ ದ್ರೋಹಿ, ಒಬ್ಬ ಸಂಶಯಗ್ರಸ್ತ, ಒಬ್ಬ ಕುಚೇಷ್ಟೆಗಾರ. ಒಬ್ಬನೇ ಕಲಾವಿದ ಒಂದೇ ರಾತ್ರಿ ಬೇರೆ ಬೇರೆ ವೇಷ ಕಟ್ಟುವುದನ್ನು ಕಂಡ ಯಕ್ಷಗಾನದ ಪ್ರೇಕ್ಷಕರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಡಾಟ್ಸನ್ ಕಾರಿನ ಅಚ್ಚಿನಿಂದ ಪ್ರೌಲ್, ಬ್ಲೂಸ್ಟ್ರೀಕ್, ಸ್ಮೋಕ್‌ಸ್ಕ್ರೀನ್ ಬಂದರು; ಲ್ಯಾಂಬೋರ್ಗಿನಿಯ ಅಚ್ಚಿನಿಂದ ಸೈಡ್‌ಸ್ವೈಪ್ ಮತ್ತು ರೆಡ್ ಅಲರ್ಟ್.

ಬಣ್ಣಕ್ಕೆ ಬೆಲೆ ಕಟ್ಟುವ ಅಭ್ಯಾಸ ಇಲ್ಲಿಂದ ಬೆಳೆಯಿತು, ಅದೂ ಯಾರೂ ಯೋಜಿಸದೆ. ಬಂಬಲ್‌ಬೀ ಮತ್ತು ಕ್ಲಿಫ್‌ಜಂಪರ್ ಎಂಬ ಪುಟ್ಟ ಕಾರುಗಳು ಎರಡೂ ಹಳದಿಯಲ್ಲೂ ಕೆಂಪಿನಲ್ಲೂ ಮಾರಾಟವಾದವು. ಟಿವಿ ಕಾರ್ಟೂನಿನಲ್ಲಿ ಬಂಬಲ್‌ಬೀ ಹಳದಿ, ಕ್ಲಿಫ್‌ಜಂಪರ್ ಕೆಂಪು. ಟಿವಿಗೆ ಹೊಂದದ ಕೆಂಪು ಬಂಬಲ್‌ಬೀ ಮತ್ತು ಹಳದಿ ಕ್ಲಿಫ್‌ಜಂಪರ್ ಮುಂದೆ ಸಂಗ್ರಾಹಕರು ಹುಡುಕಿಕೊಂಡು ಹೋಗುವ ವಸ್ತುಗಳಾದವು. ಬ್ಲೂಸ್ಟ್ರೀಕ್‌ನ ಕತೆ ಇನ್ನೂ ತಮಾಷೆಯದು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಕಾರು ನೀಲಿ, ಒಳಗಿದ್ದದ್ದು ಬೆಳ್ಳಿಬಣ್ಣದ್ದು. ಅಂಗಡಿಯಲ್ಲಿ ನೀಲಿಯದನ್ನೇ ಕೊಂಡಿದ್ದೆವೆಂದು ಆಣೆ ಇಟ್ಟು ಹೇಳುವವರ ಬಾಲ್ಯದ ನೆನಪುಗಳು ದಶಕಗಳ ಕಾಲ ವಾದಕ್ಕೆ ಗ್ರಾಸವಾದವು. ಡಯಾಕ್ಲೋನ್‌ನ ನೀಲಿ ಕಾರನ್ನು ತಂದು ಟ್ರಾನ್ಸ್‌ಫಾರ್ಮರ್ಸ್ ಪೆಟ್ಟಿಗೆಗೆ ತುಂಬುವ ಠಕ್ಕರಿಗೂ ಆ ನೆನಪು ಅನುಕೂಲವಾಯಿತು. 1985ರಲ್ಲಿ ಪೆಪ್ಸಿಯ ಪ್ರಚಾರಕ್ಕಾಗಿ ಅಂಚೆಯಲ್ಲಿ ಕಳಿಸಿದ, ಸರಣಿಯ ನಾಯಕ ಆಪ್ಟಿಮಸ್ ಪ್ರೈಮ್‌ನಲ್ಲಂತೂ ಬದಲಾದದ್ದು ಸ್ಟಿಕ್ಕರ್ ಮಾತ್ರ. ಆದ್ದರಿಂದ ಅದರ ಬೆಲೆಯೆಲ್ಲ ಸ್ಟಿಕ್ಕರ್ ಅಸಲಿಯೋ ನಕಲಿಯೋ ಎಂಬುದರ ಮೇಲೆ ನಿಂತಿರುತ್ತದೆ.

ಬ್ರೆಜಿಲ್‌ನ ಎಸ್ತ್ರೆಲಾ ಮುಂತಾದ ಸ್ಥಳೀಯ ತಯಾರಕರು ತಮಗೆ ತೋಚಿದ ಬಣ್ಣಗಳಲ್ಲಿ ಹೊರತಂದ ಆಟಿಕೆಗಳು ಇದೇ ಕಾಲದವು. ಅವನ್ನು ಕೊಂಡ ಮಕ್ಕಳಿಗೆ ಅವು ವಿಶೇಷವೇನೂ ಅಲ್ಲ. ದೂರದೇಶದವರು ಹುಡುಕತೊಡಗಿದ ಮೇಲಷ್ಟೇ ಅಪರೂಪವಾದವು.

ಸಮಾವೇಶಗಳ ಕಾಲ

ಉದ್ದೇಶಪೂರ್ವಕ ಎಕ್ಸ್‌ಕ್ಲೂಸಿವ್‌ಗಳ ಚರಿತ್ರೆ ಶುರುವಾಗುವುದು ಬಾಟ್‌ಕಾನ್‌ನಿಂದ. ಅಭಿಮಾನಿಗಳೇ ಏರ್ಪಡಿಸಿದ ಈ ಸಮಾವೇಶ ಮೊದಲ ಸಲ ನಡೆದದ್ದು 1994ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ. ಅಲ್ಲಿ ಸಿಕ್ಕಿದ್ದು ಬ್ರೇಕ್‌ಡೌನ್ ಎಂಬ ಕಾರಿನ ಹೊಸ ಬಣ್ಣದ ರೂಪ. ಅಂಗಡಿಗೆ ಬರಬೇಕಿದ್ದು ರದ್ದಾದ ಗುಂಪಿನ ಒಬ್ಬ ಸದಸ್ಯ. ಹೀಗೆ ಮೊದಲ ಎಕ್ಸ್‌ಕ್ಲೂಸಿವ್‌ನ ಹಿಂದೆ ವ್ಯಾಪಾರದ ಜಾಣ್ಮೆಗಿಂತ ವ್ಯಾಪಾರದ ಸೋಲೇ ಹೆಚ್ಚಿತ್ತು. ಆಮೇಲೆ ಪ್ರತಿ ಸಮಾವೇಶಕ್ಕೂ ವಿಶೇಷ ಆಟಿಕೆ ಬರುವುದು ರೂಢಿಯಾಯಿತು. 1997ರಲ್ಲಿ ಬೀಸ್ಟ್ ವಾರ್ಸ್ ಸರಣಿಯ ಇಲಿ ರ‍್ಯಾಟ್‌ಟ್ರ್ಯಾಪ್‌ನ ಅಚ್ಚಿನಿಂದ ಪ್ಯಾಕ್‌ರ‍್ಯಾಟ್ ಬಂದಿತು.

2005ರಿಂದ 2016ರವರೆಗೆ ಫನ್ ಪಬ್ಲಿಕೇಷನ್ಸ್ ಎಂಬ ಸಂಸ್ಥೆ ಪರವಾನಗಿ ಪಡೆದು ಬಾಟ್‌ಕಾನ್ ನಡೆಸಿತು, ಜೊತೆಗೆ ಸಂಗ್ರಾಹಕರ ಅಧಿಕೃತ ಕ್ಲಬ್ಬನ್ನೂ. ಬೆಲೆಯ ವಿವಾದ ಬಿಸಿಯೇರಿದ್ದು ಈ ಹನ್ನೆರಡು ವರ್ಷಗಳಲ್ಲಿ. ಹಲವು ಆಟಿಕೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಮಾರುತ್ತಿದ್ದುದರಿಂದ, ಒಂದೇ ಪಾತ್ರ ಬೇಕಾದವನೂ ಎಲ್ಲವನ್ನೂ ಕೊಳ್ಳಬೇಕಿತ್ತು. ಕ್ಲಬ್ಬಿನ ಸದಸ್ಯರಿಗೆ ವರ್ಷಕ್ಕೊಂದು ಆಟಿಕೆ ಬರುತ್ತಿತ್ತು. ಸ್ಕೈಫಾಲ್, ಲ್ಯಾಂಡ್‌ಕ್ವೇಕ್, ಬ್ರೇಕ್‌ಅವೇ, ಟಾಪ್‌ಸ್ಪಿನ್, ಹೀಟ್‌ವೇವ್ ಎಂಬ ಐವರು ಕೂಡಿದರೆ ನೆಕ್ಸಸ್ ಪ್ರೈಮ್ ಎಂಬ ದೈತ್ಯ ಆಗುತ್ತಾನೆ. ನಡುವೆ ಒಂದು ವರ್ಷ ಸದಸ್ಯತ್ವ ತಪ್ಪಿಸಿಕೊಂಡವನ ದೈತ್ಯನಿಗೆ ಒಂದು ಕೈಯೋ ಕಾಲೋ ಇಲ್ಲ. ಅದನ್ನು ಮರುಮಾರಾಟಗಾರರಿಂದ ಅವರು ಹೇಳಿದ ಬೆಲೆಗೆ ತರಬೇಕು. ನಿಷ್ಠೆಗೆ ಕೊಡುವ ಬಹುಮಾನ ಎಂದು ಕೆಲವರು ಇದನ್ನು ಹೊಗಳಿದರು. ಕೈಕಾಲು ಒತ್ತೆ ಇಟ್ಟುಕೊಂಡು ಚಂದಾ ವಸೂಲಿ ಮಾಡುವ ಉಪಾಯ ಎಂದವರೂ ಇದ್ದರು, ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಇದೇ ಕಾಲದಲ್ಲಿ ರೀಪೇಂಟ್‌ನ ಅತ್ಯಂತ ಚತುರ ಪ್ರಯೋಗವೂ ನಡೆಯಿತು. 2008ರಲ್ಲಿ ಒಹಾಯೋದ ಸಿನ್ಸಿನಾಟಿಯಲ್ಲಿ ಸೇರಿದ ಬಾಟ್‌ಕಾನ್‌ಗೆ ಶ್ಯಾಟರ್ಡ್ ಗ್ಲಾಸ್ ಎಂಬ ಕಥಾಲೋಕ ಸೃಷ್ಟಿಯಾಯಿತು. ಅಲ್ಲಿ ಎಂದಿನ ನಾಯಕ ಆಪ್ಟಿಮಸ್ ಪ್ರೈಮ್ ದುಷ್ಟ, ಎಂದಿನ ಖಳ ಮೆಗಾಟ್ರಾನ್ ಒಳ್ಳೆಯವ. ಬಣ್ಣ ಬದಲಾಗಿದ್ದು ಅಚ್ಚಿನ ಹಣ ಉಳಿಸಲು ಅಲ್ಲ, ನೀತಿ ತಲೆಕೆಳಗಾಗಿದೆ ಎಂದು ತೋರಿಸಲು ಎಂಬಂತೆ ಕತೆ ಹೆಣೆದಿದ್ದರು. ಜೊತೆಗೊಂದು ಕಾಮಿಕ್ಸ್ ಪುಸ್ತಕವೂ ಇತ್ತು. ಅಚ್ಚು ಹಳೆಯದೆಂದು ದೂರುತ್ತಿದ್ದವರೂ ಆ ನೇರಳೆ ಆಪ್ಟಿಮಸ್‌ಗೆ ಸೋತರು. ಒಳ್ಳೆಯ ರೀಪೇಂಟ್‌ಗೆ ಪೇಂಟಿಗಿಂತ ಕತೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಫನ್ ಪಬ್ಲಿಕೇಷನ್ಸ್ ನಡೆಸಿದ ಕೊನೆಯ ಬಾಟ್‌ಕಾನ್ 2016ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಮುಗಿಯಿತು.

ಜಪಾನಿನಲ್ಲಿ ಹಾದಿ ಸ್ವಲ್ಪ ಬೇರೆ. ಲಕ್ಕಿ ಡ್ರಾ ಹೆಸರಿನ ಆಟಿಕೆಗಳನ್ನು ಮಾರುವುದೇ ಇಲ್ಲ, ಸ್ಪರ್ಧೆಯ ಬಹುಮಾನವಾಗಿ ಬೆರಳೆಣಿಕೆಯ ಜನರಿಗೆ ಹಂಚುತ್ತಾರೆ. ಅನೇಕವು ಚಿನ್ನದ ಅಥವಾ ಬೆಳ್ಳಿಯ ಹೊಳಪಿನವು. ಮೂಲ ಬೆಲೆಯೇ ಇಲ್ಲದ ವಸ್ತುವಿಗೆ ದುಬಾರಿ ಎಂದು ದೂರುವುದು ಹೇಗೆ? ಇ-ಹಾಬಿ ಎಂಬ ಮಳಿಗೆ ಹಳೆಯ ಡಯಾಕ್ಲೋನ್ ಬಣ್ಣಗಳಿಗೆ ಹೊಸ ಹೆಸರು ಕೊಟ್ಟು ಮಾರಿತು: ಕೆಂಪು ಕಾರ್ವೆಟ್ ರೋಡ್ ರೇಜ್ ಆಯಿತು, ಹಳದಿ ಲ್ಯಾಂಬೋರ್ಗಿನಿ ಟೈಗರ್‌ಟ್ರ್ಯಾಕ್, ಕಪ್ಪು ಲ್ಯಾಂಬೋರ್ಗಿನಿ ಡೀಪ್ ಕವರ್. ಇನ್ನು 2000ದ ಕಾರ್ ರೋಬೋಟ್ಸ್ ಸರಣಿಯ ಬ್ಲ್ಯಾಕ್ ಕಾನ್‌ವಾಯ್, ಅಮೆರಿಕದಲ್ಲಿ ಸ್ಕರ್ಜ್, ಐದು ವರ್ಷ ಹಳೆಯ ಆಪ್ಟಿಮಸ್‌ಗೆ ಕಪ್ಪು ಬಳಿದದ್ದು. ಅದರ ಯಶಸ್ಸಿನ ನಂತರ ಹೊಸ ಆಪ್ಟಿಮಸ್ ಬಂದರೆ ಹಿಂದೆಯೇ ಕಪ್ಪು ಆಪ್ಟಿಮಸ್ ಬರುವುದು ಹೆಚ್ಚುಕಡಿಮೆ ನಿಯಮವೇ ಆಗಿಬಿಟ್ಟಿತು, ಸ್ವಲ್ಪ ಬೇಸರ ಬರುವಷ್ಟು.

ಬೆಲೆಯ ವಾದಗಳು

ದುಬಾರಿ ಎನ್ನುವವರ ಲೆಕ್ಕ ಸರಳ. ಆಟಿಕೆ ತಯಾರಿಯಲ್ಲಿ ದೊಡ್ಡ ಖರ್ಚು ವಿನ್ಯಾಸದ್ದು ಮತ್ತು ಉಕ್ಕಿನ ಅಚ್ಚಿನದು. ಮೊದಲ ಆವೃತ್ತಿಯೇ ಆ ಖರ್ಚನ್ನು ತೀರಿಸಿರುತ್ತದೆ. ಹಾಗಾದರೆ ಎರಡನೆಯದು ಅಗ್ಗವಾಗಬೇಕಲ್ಲವೇ? ಅಂಗಡಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮಾರುವ ರೀಪೇಂಟ್‌ಗೆ ಈ ವಾದ ಸರಿ. ಸಣ್ಣ ಸಂಖ್ಯೆಯ ಎಕ್ಸ್‌ಕ್ಲೂಸಿವ್‌ಗೆ ಅರ್ಧ ಮಾತ್ರ ಸರಿ. ಅಚ್ಚನ್ನು ಉಗ್ರಾಣದಿಂದ ತೆಗೆದು ಯಂತ್ರಕ್ಕೆ ಏರಿಸಬೇಕು, ಹಿಂದಿನ ಬಣ್ಣದ ಪ್ಲಾಸ್ಟಿಕ್ಕನ್ನು ಯಂತ್ರದಿಂದ ಪೂರ್ತಿ ತೊಳೆಯಬೇಕು, ಪೇಂಟ್ ಸಿಂಪಡಿಸುವಾಗ ಉಳಿದ ಭಾಗ ಮುಚ್ಚಲು ಹೊಸ ಮಾಸ್ಕ್‌ಗಳನ್ನು ಮಾಡಿಸಬೇಕು, ಪೆಟ್ಟಿಗೆಯ ಚಿತ್ರ ಬರೆಸಬೇಕು, ಪರವಾನಗಿಯ ಹಣ ಕಟ್ಟಬೇಕು. ಹತ್ತು ಸಾವಿರ ಆಟಿಕೆಗೆ ಹಂಚಿದರೆ ಗೊತ್ತೇ ಆಗದ ಈ ಖರ್ಚು ಒಂದು ಸಾವಿರಕ್ಕೆ ಹಂಚಿದಾಗ ಎದ್ದು ಕಾಣುತ್ತದೆ. ಇಷ್ಟೆಲ್ಲ ಒಪ್ಪಿದರೂ ಇದು ಮೊದಲ ಮಾರಾಟದ ಬೆಲೆಗೆ ಮಾತ್ರ ಸಮಜಾಯಿಷಿ. ಸಮಾವೇಶದ ಬಾಗಿಲಲ್ಲೇ ನಾಲ್ಕು ಪೆಟ್ಟಿಗೆ ಕೊಂಡು ಸಂಜೆಗೇ ದುಪ್ಪಟ್ಟು ಬೆಲೆಗೆ ಮಾರಾಟಕ್ಕಿಡುವವರಿಗೆ ಕಾರ್ಖಾನೆಯ ಖರ್ಚಿನ ಸಂಬಂಧವೇ ಇಲ್ಲ.

ಅಪರೂಪಕ್ಕೆ ಹಣ ತೆತ್ತವರನ್ನು ಕಂಪನಿಯೇ ಕೈಬಿಡುವುದೂ ಉಂಟು. 2007ರ ಬಾಟ್‌ಕಾನ್ ಪೆಟ್ಟಿಗೆಯಲ್ಲಿ ಥ್ರಸ್ಟ್ ಮತ್ತು ಡರ್ಜ್ ಎಂಬ ವಿಮಾನಗಳಿದ್ದವು. ಈ ವಿಮಾನಗಳ ಹಳೆಯ ತಂಡವನ್ನು ಹೊಸ ಅಚ್ಚಿನಲ್ಲಿ ಪೂರ್ತಿ ಮಾಡಲು ಬೇರೆ ದಾರಿಯಿಲ್ಲದೆ ಎಷ್ಟೋ ಜನ ದೊಡ್ಡ ಮೊತ್ತ ಕೊಟ್ಟರು. 2010ರಲ್ಲಿ ಹ್ಯಾಸ್‌ಬ್ರೊ ಅದೇ ಇಬ್ಬರನ್ನು ಜನರೇಷನ್ಸ್ ಸರಣಿಯಲ್ಲಿ ಸಾಮಾನ್ಯ ಅಂಗಡಿಗಳಿಗೇ ತಂದಿತು. 2021ರಲ್ಲಿ ಶ್ಯಾಟರ್ಡ್ ಗ್ಲಾಸ್ ಹೆಸರಿನಲ್ಲೇ ಹೊಸ ಆಟಿಕೆಗಳೂ ಕಾಮಿಕ್ಸೂ ಬಂದವು. ಕಡಿಮೆ ಸಂಖ್ಯೆ ಎಂಬ ಭರವಸೆ ಆ ಒಂದು ಆವೃತ್ತಿಗೆ ಅನ್ವಯಿಸುತ್ತದೆ, ಪಾತ್ರಕ್ಕಲ್ಲ. ಹೂಡಿಕೆ ಎಂದು ಕೊಳ್ಳುವವರು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ತಡವಾಗಿ ಕಾಣುತ್ತಾರೆ.

ಪೆಟ್ಟಿಗೆ ಒಡೆಯಬೇಕೋ ಬೇಡವೋ ಎಂಬುದು ಇನ್ನೊಂದು ಮುಗಿಯದ ಚರ್ಚೆ. ಸೀಲು ಒಡೆಯದ ಆಟಿಕೆಯನ್ನು ಪರೀಕ್ಷಿಸಿ ಅಂಕ ಕೊಟ್ಟು ಗಟ್ಟಿ ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳಿವೆ, ಹೆಚ್ಚಿನ ಅಂಕಕ್ಕೆ ಹೆಚ್ಚಿನ ಬೆಲೆ. ಆದರೆ 1980ರ ದಶಕದ ಕೊನೆಯಿಂದ 90ರ ದಶಕದವರೆಗೆ ಬಂದ ಹಲವು ಆಟಿಕೆಗಳಲ್ಲಿ ಬಳಸಿದ ಚಿನ್ನದ ಬಣ್ಣದ, ಹೊಳಪಿನ ಕಣ ಬೆರೆತ ಪ್ಲಾಸ್ಟಿಕ್ ಯಾರೂ ಮುಟ್ಟದಿದ್ದರೂ ತನ್ನಷ್ಟಕ್ಕೆ ಪೆಡಸಾಗಿ ಪುಡಿಯಾಗುತ್ತದೆ. ಸಂಗ್ರಾಹಕರು ಇದನ್ನು ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಸೀಲು ಒಡೆದು ತಿರುಗಿಸಿ ನೋಡಿದರೆ ಮುರಿಯುತ್ತದೆ, ಒಡೆಯದಿದ್ದರೆ ಒಳಗೆ ಏನು ಉಳಿದಿದೆಯೋ ಖಚಿತವಿಲ್ಲ. ಅಂಥ ಡಬ್ಬಿಗೂ ಗಿರಾಕಿಗಳಿದ್ದಾರೆ ಎಂಬುದು ಸಂಗ್ರಹದ ಮನೋಧರ್ಮದ ಬಗ್ಗೆ ಸಾಕಷ್ಟು ಹೇಳುತ್ತದೆ.

ಈಚೆಗೆ ಎಕ್ಸ್‌ಕ್ಲೂಸಿವ್‌ನ ಅರ್ಥವೇ ಸಡಿಲವಾಗಿದೆ. ಸಮಾವೇಶದ ಜಾಗವನ್ನು ದೊಡ್ಡ ಅಂಗಡಿ ಸರಣಿಗಳೂ ಹ್ಯಾಸ್‌ಬ್ರೊದ ಸ್ವಂತ ಮಾರಾಟ ತಾಣವೂ ತೆಗೆದುಕೊಂಡಿವೆ. 2020ರಲ್ಲಿ ನೆಟ್‌ಫ್ಲಿಕ್ಸ್‌ನ ವಾರ್ ಫಾರ್ ಸೈಬರ್‌ಟ್ರಾನ್ ಧಾರಾವಾಹಿಯ ಹೆಸರಿನಲ್ಲಿ, ಯುದ್ಧದಲ್ಲಿ ಸವೆದಂತೆ ಮಸಿ ಬಳಿದ ರೀಪೇಂಟ್‌ಗಳು ವಾಲ್‌ಮಾರ್ಟ್‌ನಲ್ಲಿ ಮಾತ್ರ ಮಾರಾಟವಾದವು. ಇಲ್ಲಿ ವಿಶೇಷ ಎಂದರೆ ಕಡಿಮೆ ಸಂಖ್ಯೆಯದ್ದಲ್ಲ, ಒಂದೇ ಕಡೆ ಸಿಗುವಂಥದ್ದು ಎಂದಷ್ಟೇ. ಚೀನಾದ ನಕಲಿ ತಯಾರಕರು ಹಳೆಯ ಅಪರೂಪದ ಬಣ್ಣಗಳನ್ನೇ ಆರಿಸಿಕೊಂಡು ಅಗ್ಗಕ್ಕೆ ಮಾಡಿ ಬಿಡುತ್ತಿರುವುದರಿಂದ, ಆಟಿಕೆ ಬೇಕಾದವರಿಗೆ ಅನುಕೂಲವಾಗಿದೆ. ಅಸಲಿ ಇಟ್ಟುಕೊಂಡವರು ಮಾತ್ರ ತಿರುಪುಗಳನ್ನೂ ಮುದ್ರೆಗಳನ್ನೂ ತೋರಿಸಿ ಸಾಬೀತು ಮಾಡಬೇಕಾಗಿದೆ.

ಭಾರತಕ್ಕೆ ಈ ಚರಿತ್ರೆಯ ಸಂಬಂಧ ಒಂದು ನೆರೆಯ ಸರಣಿಯ ಮೂಲಕ. 1987ರಲ್ಲಿ ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೊ ಸೇರಿ ಆರಂಭಿಸಿದ ಫನ್‌ಸ್ಕೂಲ್ ಕಂಪನಿ ಇಲ್ಲಿ ತಯಾರಿಸಿದ ಜಿ.ಐ. ಜೋ ಸೈನಿಕರು ಮೂಲಕ್ಕೆ ಹೊಂದದ ವಿಚಿತ್ರ ಬಣ್ಣಗಳಲ್ಲಿ ಬಂದರು. ಈಗ ಅಮೆರಿಕದ ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ಹೊರಗಿನಿಂದ ಇಲ್ಲಿಗೆ ಬರುವ ಹಾದಿ ಮಾತ್ರ ದುಬಾರಿ. ಅಂಗಡಿಯವರು ವಿದೇಶದಿಂದ ತರಿಸುವ ಆಟಿಕೆಯ ಮೇಲಿನ ಮೂಲ ಸೀಮಾಸುಂಕವನ್ನು ಭಾರತ ಸರಕಾರ 2020ರಲ್ಲಿ ಶೇ 20ರಿಂದ 60ಕ್ಕೂ 2023ರಲ್ಲಿ ಶೇ 70ಕ್ಕೂ ಏರಿಸಿತು. ಹಾಗಾಗಿ ಬೆಂಗಳೂರಿನ ಅಂಗಡಿಯಲ್ಲಿ ಕಾಣುವ ಆಮದು ಆಟಿಕೆ, ಅದು ರೀಪೇಂಟ್ ಆಗಿರಲಿ ಬಿಡಲಿ, ಬೆಲೆಯಲ್ಲಿ ಎಕ್ಸ್‌ಕ್ಲೂಸಿವ್ ಆಗಿಯೇ ಇರುತ್ತದೆ.