ತುಟಿ ಮುಂದೆ, ಮಾತು ಹಿಂದೆ: ಚಿತ್ರ–ಧ್ವನಿ ಹೊಂದಾಣಿಕೆಯ ಕಥೆ

ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೀವು ನೋಡಿರಬಹುದು. ಬಟ್ಟೆ ಕಲ್ಲಿಗೆ ಬಡಿಯುವುದು ಮೊದಲು ಕಾಣುತ್ತದೆ. ಸದ್ದು ಆಮೇಲೆ ಕೇಳುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ದಡ 170 ಮೀಟರ್ ದೂರವಿದ್ದರೆ ಸದ್ದು ಅರ್ಧ ಸೆಕೆಂಡ್ ತಡ. ಇದು ನಮಗೆ ವಿಚಿತ್ರವೆನಿಸುವುದಿಲ್ಲ. ಆದರೆ ಶಾಲಾ ವಾರ್ಷಿಕೋತ್ಸವದ ವಿಡಿಯೊವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ, ಮಗು ಬಾಯಿ ಮುಚ್ಚಿದ ಮೇಲೂ ಹಾಡು ಕೇಳುತ್ತಿದ್ದರೆ? ಎಲ್ಲರೂ ಕಂಪ್ಯೂಟರನ್ನು ದೂರುತ್ತಾರೆ. ವಾಸ್ತವವಾಗಿ ಈ ತೊಂದರೆಗೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

ಮೂಕವಾಗಿದ್ದ ಪಿಟೀಲು

1894–95ರ ಸುಮಾರಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಥಾಮಸ್ ಎಡಿಸನ್‌ರ ಸಹಾಯಕ ವಿಲಿಯಂ ಡಿಕ್ಸನ್ ಒಂದು ಪ್ರಯೋಗ ನಡೆಸಿದರು. ದೊಡ್ಡ ಕೊಳವೆಯೊಂದರ ಮುಂದೆ ನಿಂತು ಅವರು ಪಿಟೀಲು ನುಡಿಸಿದರು. ಪಕ್ಕದಲ್ಲಿ ಇಬ್ಬರು ನರ್ತಿಸಿದರು. ಚಿತ್ರ ಫಿಲ್ಮಿನಲ್ಲಿಯೂ ಧ್ವನಿ ಮೇಣದ ಸಿಲಿಂಡರಿನಲ್ಲಿಯೂ ದಾಖಲಾದವು. ಎರಡೂ ಬೇರೆ ಬೇರೆ ಯಂತ್ರಗಳು. ಅವುಗಳನ್ನು ಒಂದೇ ವೇಗದಲ್ಲಿ ಓಡಿಸುವ ಸಾಧನವಿರಲಿಲ್ಲ. ಕಾಲಕ್ರಮದಲ್ಲಿ ಫಿಲ್ಮ್ ಒಂದೆಡೆ, ಮುರಿದ ಸಿಲಿಂಡರ್ ಇನ್ನೊಂದೆಡೆ ಉಳಿದವು. ಸಿಲಿಂಡರನ್ನು ದುರಸ್ತಿ ಮಾಡಿ ಧ್ವನಿಯನ್ನು ಹೊರತೆಗೆದ ಮೇಲೆ, 2000ದ ಸುಮಾರಿಗೆ ಸಂಕಲನಕಾರ ವಾಲ್ಟರ್ ಮರ್ಚ್ ಕಂಪ್ಯೂಟರಿನಲ್ಲಿ ಎರಡನ್ನೂ ಹೊಂದಿಸಿದರು. ಪಿಟೀಲಿನ ಕಮಾನು ಚಲಿಸಿದಂತೆ ನಾದ ಹೊಮ್ಮಿತು!

ತಟ್ಟೆಯಿಂದ ಫಿಲ್ಮಿಗೆ

1926ರಲ್ಲಿ ವಾರ್ನರ್ ಸಂಸ್ಥೆ ವೈಟಾಫೋನ್ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಇದರಲ್ಲಿ ಧ್ವನಿ ಇದ್ದುದು ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯಲ್ಲಿ. ಫಿಲ್ಮಿನ ವೇಗವನ್ನು ನಿಮಿಷಕ್ಕೆ 90 ಅಡಿ ಎಂದು ಸ್ಥಿರಗೊಳಿಸಲಾಯಿತು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳು. ಅಂದರೆ ಸೆಕೆಂಡಿಗೆ 24 ಚೌಕಟ್ಟುಗಳು. ಇಂದಿಗೂ ಸಿನಿಮಾದ ವೇಗ ಇದೇ! 1000 ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತಿತ್ತು. ಒಂದು ತಟ್ಟೆಯೂ ಅಷ್ಟೇ. 1927ರ 'ದಿ ಜಾಝ್ ಸಿಂಗರ್' ಹೀಗೆಯೇ ಮಾತಾಡಿತು.

ಆದರೆ ಫಿಲ್ಮ್ ತುಂಡಾದರೆ ಫಜೀತಿ. ಹಾಳಾದ ಭಾಗವನ್ನು ಕತ್ತರಿಸಿ ಅಂಟಿಸಿದರೆ ಚಿತ್ರ ಮುಂದೆ ಹೋಗುತ್ತಿತ್ತು, ತಟ್ಟೆ ಹಿಂದೆ ಉಳಿಯುತ್ತಿತ್ತು. ಕತ್ತರಿಸಿದಷ್ಟೇ ಉದ್ದದ ಖಾಲಿ ಫಿಲ್ಮನ್ನು ಸೇರಿಸಲೇಬೇಕಿತ್ತು. ಧ್ವನಿಯನ್ನು ಫಿಲ್ಮಿನ ಅಂಚಿನಲ್ಲಿಯೇ ಬೆಳಕಿನ ಪಟ್ಟಿಯಾಗಿ ಮುದ್ರಿಸುವ ವಿಧಾನ ಬಂದ ಮೇಲೆ ಈ ಕಾಟ ತಪ್ಪಿತು. ತುಂಡಾದರೆ ಎರಡೂ ಒಟ್ಟಿಗೇ ತುಂಡು! ಭಾರತದಲ್ಲಿ 1931ರಲ್ಲಿ 'ಆಲಂ ಆರಾ', ಕನ್ನಡದಲ್ಲಿ 1934ರಲ್ಲಿ 'ಸತಿ ಸುಲೋಚನಾ' ತೆರೆಗೆ ಬಂದು ವಾಕ್ಚಿತ್ರಗಳ ಯುಗ ಆರಂಭವಾಯಿತು.

ಸಾವಿರದಲ್ಲಿ ಒಂದು

ಮುಂದಿನ ತೊಡಕು ಟೆಲಿವಿಷನ್ನಿನದು. ಅಮೆರಿಕದ ಕಪ್ಪು-ಬಿಳುಪು ಟಿ.ವಿ. ಸೆಕೆಂಡಿಗೆ 30 ಚೌಕಟ್ಟು ತೋರಿಸುತ್ತಿತ್ತು. 1953ರಲ್ಲಿ ಬಣ್ಣದ ಸಂಕೇತವನ್ನು ಸೇರಿಸಹೊರಟಾಗ ಅದು ಧ್ವನಿವಾಹಕ ತರಂಗದೊಂದಿಗೆ ಬೆರೆತು ಪರದೆಯ ಮೇಲೆ ಗೆರೆಗಳಂಥ ಚಿತ್ತಾರ ಮೂಡಿಸುವ ಅಪಾಯವಿತ್ತು. ಧ್ವನಿಯ ಆವೃತ್ತಿಯನ್ನು ಬದಲಿಸಿದರೆ ಜನರ ಮನೆಗಳಲ್ಲಿದ್ದ ಹಳೆಯ ಟಿ.ವಿ.ಗಳಿಗೆ ತೊಂದರೆಯಾಗಬಹುದಿತ್ತು. ಆದ್ದರಿಂದ ಚೌಕಟ್ಟಿನ ದರವನ್ನೇ ತುಸು ತಗ್ಗಿಸಿದರು: 30 × 1000 ÷ 1001 = 29.97.

ಈ ಅಲ್ಪ ವ್ಯತ್ಯಾಸ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಒಂದು ಗಂಟೆಯಲ್ಲಿ 108 ಚೌಕಟ್ಟು, ಅಂದರೆ 3.6 ಸೆಕೆಂಡ್! ಭಾರತದಲ್ಲಿ ಟಿ.ವಿ.ಯ ದರ 25. ಹೀಗೆ 24, 25, 29.97, 30 ಎಂಬ ನಾಲ್ಕು ದರಗಳು ಜಗತ್ತಿನಲ್ಲಿ ಉಳಿದುಬಿಟ್ಟವು. ಒಂದನ್ನು ಇನ್ನೊಂದೆಂದು ಭಾವಿಸುವುದೇ ಪರಿವರ್ತನೆಯಲ್ಲಾಗುವ ಅನೇಕ ತಪ್ಪುಗಳ ಮೂಲ.

ಪ್ರತಿ ಚೌಕಟ್ಟಿಗೂ ಸಮಯದ ಮುದ್ರೆ

1992ರಲ್ಲಿ ಬಂದ ಎವಿಐ ಕಡತದಲ್ಲಿ ಚೌಕಟ್ಟಿನ ದರವನ್ನು ಆರಂಭದಲ್ಲಿ ಒಮ್ಮೆ ಬರೆದರೆ ಮುಗಿಯಿತು. ಪ್ರತಿ ಚೌಕಟ್ಟಿಗೆ ಸಮಯ ನಮೂದಿಸುವ ಏರ್ಪಾಡಿಲ್ಲ. ದಾಖಲಿಸುವಾಗ ಒಂದು ಚೌಕಟ್ಟು ತಪ್ಪಿಹೋದರೆ ಚಿತ್ರ 1/25 ಸೆಕೆಂಡ್ ಮುಂದೆ ಓಡುತ್ತದೆ. ವೈಟಾಫೋನ್‌ನ ತುಂಡಾದ ಫಿಲ್ಮನ್ನು ನೆನೆಯಿರಿ! 1993ರ ಎಂಪೆಗ್-1 ಮಾನಕವು ಸೆಕೆಂಡಿಗೆ 90,000 ಬಾರಿ ಮಿಡಿಯುವ ಗಡಿಯಾರವನ್ನು ಅಳವಡಿಸಿ, ಚಿತ್ರ ಮತ್ತು ಧ್ವನಿ ಎರಡಕ್ಕೂ ಅದರ ಸಮಯವನ್ನೇ ಒತ್ತಿತು. 90,000 ಏಕೆ? 24ರಿಂದ ಭಾಗಿಸಿದರೆ 3750, 25ರಿಂದ 3600, 30ರಿಂದ 3000, 29.97ರ ದರಕ್ಕೆ 3003. ಎಲ್ಲವೂ ಪೂರ್ಣಸಂಖ್ಯೆಗಳು!

ಇಂದಿನ ಮೊಬೈಲ್ ಕ್ಯಾಮೆರಾಗಳದು ಹೊಸ ಸಮಸ್ಯೆ. ಬೆಳಕು ಕಡಿಮೆಯಾದರೆ ಅವು ಚೌಕಟ್ಟುಗಳ ದರವನ್ನು ತಾವಾಗಿಯೇ ತಗ್ಗಿಸಬಹುದು. ಪರಿವರ್ತಕ ತಂತ್ರಾಂಶವು ಸಮಯದ ಮುದ್ರೆಯನ್ನು ನೋಡದೆ ದರ ಸ್ಥಿರವೆಂದು ಭಾವಿಸಿದರೆ ಹೊಂದಾಣಿಕೆ ಕೆಡುತ್ತದೆ.

ನೀವೇ ಪತ್ತೆ ಮಾಡಿ

ಚಿತ್ರೀಕರಣದ ಆರಂಭದಲ್ಲಿ ಮತ್ತು ಹತ್ತು ನಿಮಿಷದ ನಂತರ ಕ್ಯಾಮೆರಾದ ಮುಂದೆ ಒಮ್ಮೊಮ್ಮೆ ಚಪ್ಪಾಳೆ ತಟ್ಟಿ. ಪರಿವರ್ತಿಸಿದ ಮೇಲೆ ಎರಡೂ ಕಡೆ ವ್ಯತ್ಯಾಸ ಒಂದೇ ಆಗಿದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಸಾಕು. ಮೊದಲನೆಯದು ಸರಿಯಿದ್ದು ಎರಡನೆಯದು 0.6 ಸೆಕೆಂಡ್ ತಪ್ಪಿದ್ದರೆ? 600 ಸೆಕೆಂಡಿನಲ್ಲಿ 0.6, ಸಾವಿರದಲ್ಲಿ ಒಂದು! 29.97 ಮತ್ತು 30 ಅದಲುಬದಲಾಗಿರಬೇಕು. 24 ಸೆಕೆಂಡ್ ತಪ್ಪಿದ್ದರೆ 24 ಮತ್ತು 25. ಇಲ್ಲಿ ಸರಿಸಿದರೆ ಸಾಲದು, ದರವನ್ನೇ ಸರಿಪಡಿಸಬೇಕು. ನಡುವೆ ಎಲ್ಲೋ ಥಟ್ಟನೆ ತಪ್ಪಿದ್ದರೆ ಚೌಕಟ್ಟುಗಳು ಕಳೆದಿವೆ ಎಂದು ತರ್ಕಿಸಬಹುದು. ಮೂಲ ಕಡತದಿಂದಲೇ, ಸ್ಥಿರ ದರವನ್ನು ಆರಿಸಿ, ಮತ್ತೆ ಪರಿವರ್ತಿಸಬೇಕು.

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ, ಧ್ವನಿ 45 ಮಿಲಿಸೆಕೆಂಡ್ ಮುಂಚೆ ಬಂದರೆ ನೋಡುಗರು ಗುರುತಿಸುತ್ತಾರೆ. ತಡವಾದರೆ ಗುರುತಿಸಲು 125 ಮಿಲಿಸೆಕೆಂಡ್ ಬೇಕು. ಈ ತಾರತಮ್ಯವೇಕೆ? ಕೆರೆಯ ದಡವನ್ನು ನೆನಪಿಸಿಕೊಳ್ಳಿ, ಉತ್ತರ ಹೊಳೆದೀತು.

ಮನೆಗಳಲ್ಲಿರುವ ಹಿರಿಯರ ಮಾತು, ಹಾಡು, ಬಯಲಾಟಗಳ ಹಳೆಯ ಕ್ಯಾಸೆಟ್‌ಗಳನ್ನು ಪರಿವರ್ತಿಸುವಾಗ ಒಂದು ಎಚ್ಚರಿಕೆ ಇರಲಿ. ಹೊಸ ಕಡತವನ್ನು ಕೊನೆಯವರೆಗೂ ನೋಡುವ ಮುನ್ನ ಮೂಲವನ್ನು ಅಳಿಸಬೇಡಿ, ಎಸೆಯಬೇಡಿ. ಡಿಕ್ಸನ್‌ರ ಪಿಟೀಲು ಮತ್ತೆ ನುಡಿದದ್ದು, ಮುರಿದ ಸಿಲಿಂಡರನ್ನೂ ಯಾರೋ ಎಸೆಯದೆ ಉಳಿಸಿದ್ದರಿಂದ.