ಕತ್ತರಿಯ ಹಂಗು

ದಾವಣಗೆರೆ ಸೀಮೆಯ ಹಳ್ಳಿಗಳಲ್ಲಿ ಕ್ಷೌರಿಕರು ಆಯಗಾರರಾಗಿದ್ದರು. ಸುಗ್ಗಿಯಲ್ಲಿ ಸಿಗುವ ಕಾಳೇ ಕೂಲಿ. ಕಾಳು ಅಳೆಯುವ ಗೌಡರನ್ನು ಎದುರು ಹಾಕಿಕೊಳ್ಳುವಂತಿರಲಿಲ್ಲ. ಪೇಟೆಯ ಸಲೂನು, ಪಾಲಿಕೆಯ ಪರವಾನಗಿ, ನಗದು ಹಣ ಆ ಹಂಗನ್ನು ಸಡಿಲಿಸಿದವು.

ಅಮೆರಿಕದ ಕಪ್ಪು ಬ್ಯೂಟಿಷಿಯನ್ನರಿಗೂ ಪರವಾನಗಿ ಎಂದರೆ ಸ್ವಂತ ಅಂಗಡಿ. ಸೌತ್ ಕೆರೊಲಿನಾದ ಬರ್ನಿಸ್ ರಾಬಿನ್‌ಸನ್ ಅವರ ಗಿರಾಕಿಗಳು ಕಪ್ಪು ಮಹಿಳೆಯರು. ಕೆಲಸದಿಂದ ಕಿತ್ತುಹಾಕಲು ಬಿಳಿಯ ಧಣಿಯೇ ಇರಲಿಲ್ಲ. ಆ ಧೈರ್ಯದಿಂದಲೇ 1957ರಲ್ಲಿ ಜಾನ್ಸ್ ದ್ವೀಪದ ಕಪ್ಪು ಜನರಿಗೆ ಮತದಾರರಾಗಲು ಬೇಕಿದ್ದ ಓದುಬರಹ ಕಲಿಸಿದರು.

ಅದೇ ಪರವಾನಗಿ ಬೇಲಿಯೂ ಆಯಿತು. ಟೆಕ್ಸಾಸ್‌ನಲ್ಲಿ ಪರವಾನಗಿಯಿಲ್ಲದೆ ಜಡೆ ಹೆಣೆದದ್ದಕ್ಕೆ ಐಸಿಸ್ ಬ್ರ್ಯಾಂಟ್ಲಿ ಅವರನ್ನು 1997ರಲ್ಲಿ ಬಂಧಿಸಲಾಯಿತು. ಆ ಕಟ್ಟಳೆ ಹೋದದ್ದು 2015ರಲ್ಲಿ.

ಆವರಗೆರೆಯ ಸಲೂನಿನ ಪರವಾನಗಿಗೂ ಈ ಪ್ರಶ್ನೆ ಕೇಳಬೇಕು: ಅದು ಯಾರ ಹಂಗು ಕಳೆಯಿತು, ಯಾರಿಗೆ ಬಾಗಿಲು ಮುಚ್ಚಿತು?